ಕೊನೆಯ ಮನೆಗೂ ಸುದ್ದಿ ಮುಟ್ಟಬೇಕು

(ಗದಗದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

2023ರ ಅಕ್ಟೋಬರ್ 12ನೇ ತಾರೀಖು ಕರ್ನಾಟಕದಲ್ಲಿ ಎಷ್ಟೋ ಜನರ ಮೊಬೈಲ್ ಒಮ್ಮೆಲೇ ಕೂಗಿಕೊಂಡಿತು. ನೆನಪಿದೆಯಲ್ವಾ? ಕರೆ ಬಂದ ಸದ್ದಲ್ಲ, ಮೆಸೇಜ್ ಬಂದ ಸದ್ದೂ ಅಲ್ಲ. ಎದೆ ಧಸಕ್ ಅನ್ನುವಂಥ ಸದ್ದು. ಇದು ದೂರಸಂಪರ್ಕ ಇಲಾಖೆ ಪರೀಕ್ಷೆಗಾಗಿ ಕಳಿಸಿದ್ದು, ನೀವು ಏನೂ ಮಾಡಬೇಕಿಲ್ಲ, ನಿರ್ಲಕ್ಷಿಸಿ ಎಂದು ಪರದೆ ಮೇಲೆ ಬರೆದಿತ್ತು.

ಪರೀಕ್ಷೆ ಆಯಿತು, ಒಳ್ಳೆಯದೇ. ಆದರೆ ಅವತ್ತಿನಿಂದ ನನಗೊಂದು ಚಿಂತೆ. ನಮ್ಮ ಜನ ಆ ಸದ್ದನ್ನು ಮೊದಲ ಸಲ ಕೇಳಿದರು, ಅದರ ಜೊತೆಗೇ ‘ಸುಮ್ನಿರಿ, ಏನೂ ಮಾಡಬೇಡಿ’ ಅನ್ನುವುದನ್ನೂ ಕಲಿತರು. ನಾಳೆ ನಿಜವಾಗಿ ಅಪಾಯ ಬಂದಾಗ ಅದೇ ಸದ್ದು ಕೇಳಿದರೆ, ಓಕೆ ಒತ್ತಿ ಫೋನನ್ನು ಜೇಬಿಗೆ ಹಾಕಿಕೊಳ್ಳುವುದಿಲ್ಲವೇ? ಆ ಸಂದೇಶದಲ್ಲಿ ಒಂದೇ ಒಂದು ಕೆಲಸ ಹೇಳಬಹುದಿತ್ತು: ‘ಪಕ್ಕದ ಮನೆಯವರಿಗೆ ಇದು ಬಂದಿದೆಯೇ ಎಂದು ಈಗಲೇ ಹೋಗಿ ಕೇಳಿ.’ ಅಷ್ಟು ಹೇಳಿದ್ದರೂ ಫೋನ್ ಕೂಗಿದರೆ ಎದ್ದು ನೆರೆಮನೆಗೆ ಹೋಗುವುದು ರೂಢಿಯಾಗುತ್ತಿತ್ತು. ಯಾವ ಮನೆಗೆ ಸುದ್ದಿ ಮುಟ್ಟಿಲ್ಲ ಎಂಬುದು ಊರಿಗೂ ಗೊತ್ತಾಗುತ್ತಿತ್ತು.

ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಯುದ್ಧ ಇರಲಿ, ನೆರೆ ಇರಲಿ, ಸಿಡಿಲಿರಲಿ, ಎಚ್ಚರಿಕೆಯ ಯೋಜನೆಯನ್ನು ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಗದಗಕ್ಕೆ ಅಂತ ಮೇಲಿನಿಂದ ಕೆಳಗೆ ಬರೆಯುತ್ತಾರೆ. ಅದನ್ನು ಊರಿನ ಕೊನೆಯ ಮನೆಯಿಂದ ಮೇಲಕ್ಕೆ ಬರೆಯಬೇಕು. ಆ ಮನೆಯಲ್ಲಿ ಯಾರಿದ್ದಾರೆ? ಅವರಿಗೆ ಸುದ್ದಿ ಯಾರು ಮುಟ್ಟಿಸುತ್ತಾರೆ? ಕೇಳಿದ ಮೇಲೆ ಅವರು ಎಲ್ಲಿಗೆ ಹೋಗಬೇಕು, ಅದಕ್ಕೆ ಎಷ್ಟು ಹೊತ್ತು ಬೇಕು? ಅಲ್ಲಿಂದ ಲೆಕ್ಕ ಹಾಕುತ್ತಾ ಮೇಲೆ ಹೋದರೆ ಮಾತ್ರ, ಬೆಂಗಳೂರಿನಲ್ಲಿ ಎಷ್ಟು ಗಂಟೆಗೆ ಗುಂಡಿ ಒತ್ತಬೇಕು ಎಂಬುದು ಗೊತ್ತಾಗುತ್ತದೆ.

ಈಗ ಏನಿದೆ ಅನ್ನುವುದನ್ನು ಮೊದಲು ನೋಡೋಣ. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರ ಪ್ರಕಾರ ದೇಶಕ್ಕೊಂದು ಪ್ರಾಧಿಕಾರ, ಅದಕ್ಕೆ ಪ್ರಧಾನಿ ಅಧ್ಯಕ್ಷರು. ರಾಜ್ಯದ್ದಕ್ಕೆ ಮುಖ್ಯಮಂತ್ರಿ, ಜಿಲ್ಲೆಯದ್ದಕ್ಕೆ ಜಿಲ್ಲಾಧಿಕಾರಿ. ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು, ಅದನ್ನು ವರ್ಷಕ್ಕೊಮ್ಮೆ ಪರಿಶೀಲಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಜನರಿಗೆ ಮುನ್ನೆಚ್ಚರಿಕೆ ಮುಟ್ಟಿಸುವ ಏರ್ಪಾಟು ಮಾಡುವುದು ಜಿಲ್ಲಾ ಪ್ರಾಧಿಕಾರದ ಕೆಲಸ ಎಂದೂ ಅದರಲ್ಲಿದೆ.

ಮಳೆ, ಗಾಳಿ, ಸಿಡಿಲಿನ ಬಗ್ಗೆ ಹವಾಮಾನ ಇಲಾಖೆ ಹೇಳುತ್ತದೆ. ನದಿಗಳ ನೆರೆ ಬಗ್ಗೆ ಕೇಂದ್ರ ಜಲ ಆಯೋಗ, ಸುನಾಮಿ ಬಗ್ಗೆ ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಕೇಂದ್ರ. ಇವೆಲ್ಲ ಬಂದು ಸೇರುವ ಜಾಗದ ಹೆಸರು ‘ಸಚೇತ್’. ಇದನ್ನು ಕಟ್ಟಿದ್ದು ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ. ಇಲಾಖೆಗಳು ಕೊಟ್ಟ ಎಚ್ಚರಿಕೆಯನ್ನು ರಾಜ್ಯದ ಪ್ರಾಧಿಕಾರ ನೋಡಿ, ಯಾವ ಪ್ರದೇಶಕ್ಕೆ ಹೋಗಬೇಕು ಎಂದು ಗುರುತು ಮಾಡಿ, ಜನರಿಗೆ ಕಳಿಸುತ್ತದೆ.

ನಾನು ಟೆಲಿಫೋನ್ ಇಲಾಖೆಯಲ್ಲಿ ದುಡಿದವನು. ಹಾಗಾಗಿ ಫೋನಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಸ್ಸೆಮ್ಮೆಸ್ ಅಂದರೆ ಅಂಚೆಯಣ್ಣ ಒಂದೊಂದೇ ಮನೆ ಬಾಗಿಲಿಗೆ ಹೋಗಿ ಕಾಗದ ಕೊಟ್ಟಂತೆ. ಲಕ್ಷ ಜನರಿದ್ದರೆ ಲಕ್ಷ ಸಂದೇಶ. ನೆಟ್‌ವರ್ಕ್ ತುಂಬಿದ್ದರೆ ಸಾಲಿನಲ್ಲಿ ನಿಲ್ಲಬೇಕು. 2023ರಲ್ಲಿ ಪರೀಕ್ಷೆ ಮಾಡಿದ್ದು ಬೇರೆ ವಿಧಾನ. ಅದಕ್ಕೆ ಸೆಲ್ ಬ್ರಾಡ್‌ಕಾಸ್ಟ್ ಎನ್ನುತ್ತಾರೆ. ಅದು ಅಗಸಿ ಮುಂದೆ ನಿಂತು ಡಂಗುರ ಹೊಡೆದಂತೆ. ಟವರ್ ಒಂದು ಸಲ ಕೂಗುತ್ತದೆ, ಅದರ ವ್ಯಾಪ್ತಿಯಲ್ಲಿರುವ ಫೋನುಗಳೆಲ್ಲ ಕೇಳಿಸಿಕೊಳ್ಳುತ್ತವೆ. ಯಾರ ನಂಬರೂ ಬೇಕಿಲ್ಲ. ಸಾಲು ನಿಲ್ಲುವ ಮಾತೂ ಇಲ್ಲ. ಬೇರೆ ರಾಜ್ಯದಿಂದ ಬಂದ ಲಾರಿ ಡ್ರೈವರ್ ಆ ಹೊತ್ತಿಗೆ ಮಲಪ್ರಭೆಯ ಕೊಣ್ಣೂರ ಸೇತುವೆ ಹತ್ತಿರ ಇದ್ದರೆ ಅವನ ಫೋನೂ ಕೂಗುತ್ತದೆ.

ಇದೇ ಹೊತ್ತಿಗೆ ಸಭೆಯಲ್ಲಿದ್ದ ಒಬ್ಬ ಅಕ್ಕ ಎದ್ದು ನಿಂತು ಒಂದು ಮಾತು ಹೇಳಿದರು. ಅವರದು ಗಜೇಂದ್ರಗಡದ ಕಡೆಯ ಒಂದು ತಾಂಡಾ. “ಮೆಸೇಜ್ ಬರೂದು ನಮ್ಮ ಯಜಮಾನರ ಫೋನಿಗ್ರಿ ಸರ್. ಅವರು ಗೋವಾದಾಗ ದುಡೀತಾರ. ಇಲ್ಲೆ ಸಿಡಿಲು ಬಡಿಯೂ ಸುದ್ದಿ ಅಲ್ಲಿ ಅವರಿಗೆ ಹೋಗತೈತಿ.” ಈ ಸಂಗತಿ ಯಾವ ವರದಿ ಓದಿದರೂ ಇಷ್ಟು ಚೆನ್ನಾಗಿ ತಿಳಿಯುವುದಿಲ್ಲ. ನಂಬರಿಗೆ ಕಳಿಸಿದ ಸಂದೇಶ ನಂಬರಿನ ಹಿಂದೆ ಹೋಗುತ್ತದೆ. ಜಾಗಕ್ಕೆ ಕಳಿಸಿದ್ದು ಜಾಗದಲ್ಲಿರುವವರಿಗೆ ಮುಟ್ಟುತ್ತದೆ. ಗಂಡಸರು ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವ ನಮ್ಮಂಥ ಜಿಲ್ಲೆಗೆ ಸೆಲ್ ಬ್ರಾಡ್‌ಕಾಸ್ಟ್ ಜಾಸ್ತಿ ಬೇಕಾಗಿರುವುದು ಇದಕ್ಕೇ. ಆದರೆ ಅದು ಕೇಳಬೇಕಾದರೂ ಆ ಅಕ್ಕನ ಮನೆಯಲ್ಲಿ ಇನ್ನೊಂದು ಫೋನ್ ಇರಬೇಕು, ಚಾರ್ಜ್ ಇರಬೇಕು, ತಾಂಡಾಕ್ಕೆ ನೆಟ್‌ವರ್ಕ್ ಸಿಗಬೇಕು. ಹೊಸ ಫೋನುಗಳೆಲ್ಲ, ಕೀಪ್ಯಾಡ್ ಫೋನೂ ಸೇರಿ, ಈ ಎಚ್ಚರಿಕೆಯನ್ನು ಹಿಡಿಯುವಂತಿರಬೇಕು ಎಂದು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ಮಾಡಿದೆ. ಹಳೆಯ ಫೋನುಗಳಿಗೆ ಆ ಮಾತು ಹೇಳಲಾಗದು. ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿದರೆ, ಡೀಸೆಲ್ ಮುಗಿದರೆ, ಎಷ್ಟು ದೊಡ್ಡ ಫೋನಿದ್ದರೂ ಅಷ್ಟೇ. ನೆರೆ ಬಂದಾಗ ಮೊದಲು ಹೋಗುವುದೇ ಕರೆಂಟು.

ಅದಕ್ಕೇ ಫೋನನ್ನು ನಂಬಿ ಉಳಿದದ್ದನ್ನು ಕೈಬಿಡಬಾರದು ಎನ್ನುತ್ತೇನೆ.

ಸಂದೇಶದ ಒಳಗೆ ಏನಿರಬೇಕು ಅನ್ನುವುದು ಇನ್ನೂ ದೊಡ್ಡ ವಿಷಯ. ನಮ್ಮ ಸರ್ಕಾರಿ ಪ್ರಕಟಣೆ ಹೇಗಿರುತ್ತದೆ ನಿಮಗೆ ಗೊತ್ತು. ‘ಮಲಪ್ರಭಾ ಜಲಾನಯನ ಪ್ರದೇಶದಲ್ಲಿ ಅಧಿಕ ಮಳೆಯಾಗುವ ಸಂಭವವಿದ್ದು, ನದಿ ಪಾತ್ರದ ಸಾರ್ವಜನಿಕರು ಮುಂಜಾಗ್ರತಾ ಕ್ರಮವಾಗಿ ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು.’ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಳೆದಂಡೆಯ ಓಣಿಯಲ್ಲಿ ಕುಳಿತ ಅಜ್ಜಿ ಇದನ್ನು ಕೇಳಿ ಏನು ಮಾಡಬೇಕು? ಯಾವಾಗ ಹೋಗಬೇಕು? ಸುರಕ್ಷಿತ ಸ್ಥಳ ಅಂದರೆ ಎಲ್ಲಿ?

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ನವಿಲುತೀರ್ಥ ಡ್ಯಾಮಿನಿಂದ ಇವತ್ತು ಸಂಜೆ 4ಕ್ಕೆ ನೀರು ಬಿಡುತ್ತಾರೆ. ರಾತ್ರಿ ಹೊಳೆ ಏರುತ್ತದೆ. ಹೊಳೆದಂಡೆಯ ಓಣಿಯವರು ಕತ್ತಲಾಗುವ ಮುಂಚೆ ಹೈಸ್ಕೂಲಿಗೆ ಬನ್ನಿ. ದನಕರುಗಳನ್ನೂ ತನ್ನಿ, ಕಟ್ಟಲು ಜಾಗ ಇದೆ, ಮೇವು ಇದೆ. ಮುಂದಿನ ಸುದ್ದಿ ರಾತ್ರಿ 8ಕ್ಕೆ. ಹೇಳಿದವರು: ತಹಶೀಲ್ದಾರ್.’

ಯಾರು ಹೇಳುತ್ತಿದ್ದಾರೆ, ಏನಾಗುತ್ತದೆ, ಎಲ್ಲಿ, ಯಾವಾಗ, ನಾನು ಏನು ಮಾಡಬೇಕು. ಇಷ್ಟೂ ಬಂತು. ದನದ ಮಾತನ್ನು ನಾನು ಸುಮ್ನೆ ಸೇರಿಸಿಲ್ಲ. ಹೊಳೆದಂಡೆಯ ಮಂದಿ ಎಚ್ಚರಿಕೆ ಕೇಳಿಯೂ ಮನೆ ಬಿಡುವುದಿಲ್ಲ ಎಂದು ಅಧಿಕಾರಿಗಳು ಬೇಸರ ಮಾಡಿಕೊಳ್ಳುತ್ತಾರೆ. ಜೋಡೆತ್ತು, ಒಂದು ಎಮ್ಮೆ, ಹಗೇವಿನ ಕಾಳು, ಅದೇ ಅವರ ಬದುಕು. ಅದನ್ನು ಬಿಟ್ಟು ಬಾ ಎಂದರೆ ಯಾರು ಬರುತ್ತಾರೆ? ಬಾಂಗ್ಲಾದೇಶದವರು ಇದನ್ನು ನಮಗಿಂತ ಮುಂಚೆ ಅರ್ಥ ಮಾಡಿಕೊಂಡರು. ಚಂಡಮಾರುತದ ಕರಾವಳಿಯಲ್ಲಿ ದನಗಳಿಗಾಗಿಯೇ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿದರು. ಅವಕ್ಕೆ ಅಲ್ಲಿ ‘ಕಿಲ್ಲಾ’ ಎನ್ನುತ್ತಾರೆ. ದನ ಹೋದ ಕಡೆ ಮನುಷ್ಯರೂ ಹೋದರು.

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಬಗ್ಗೆಯೂ ಒಂದು ಮಾತು. ಬಣ್ಣ ಹೇಳುವುದು ಮಳೆಯ ಅಳತೆಯನ್ನಷ್ಟೇ ಅಲ್ಲ, ನೀವು ಮಾಡಬೇಕಾದ್ದನ್ನು. ಹಳದಿ ಎಂದರೆ ಕಣ್ಣಿಟ್ಟಿರಿ. ಕಿತ್ತಳೆ ಎಂದರೆ ತಯಾರಾಗಿ. ಕೆಂಪು ಎಂದರೆ ಈಗಲೇ ಕ್ರಮ ತಗೊಳ್ಳಿ. ಟಿವಿಯಲ್ಲಿ ರೆಡ್ ಅಲರ್ಟ್ ಎಂದು ಇಡೀ ದಿನ ಓಡಿಸುತ್ತಾರೆ. ಆದರೆ ಯಾವ ತಾಲೂಕಿಗೆ, ಎಷ್ಟು ಗಂಟೆವರೆಗೆ, ಏನು ಮಾಡಬೇಕು ಎಂದು ಹೇಳುವುದು ಕಡಿಮೆ.

ಈಗ ಸೈರನ್ ವಿಷಯಕ್ಕೆ ಬರುತ್ತೇನೆ. 2025ರ ಮೇ 7ರಂದು ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆ ಮಾಡಬೇಕೆಂದು ಕೇಂದ್ರ ಗೃಹ ಇಲಾಖೆ ಹೇಳಿತು. ಕರ್ನಾಟಕದಲ್ಲಿ ಬೆಂಗಳೂರು, ಕಾರವಾರ, ರಾಯಚೂರಿನ ಹೆಸರು ಬಂತು. ನಮ್ಮ ಗದಗ, ಧಾರವಾಡ, ಹಾವೇರಿ ಆ ಪಟ್ಟಿಯಲ್ಲಿರಲಿಲ್ಲ. ಇಲ್ಲಿರುವ ಹಿರಿಯರಿಗೆ 1971ರ ಯುದ್ಧ ನೆನಪಿರಬಹುದು. ಆಗ ದೇಶದ ಅನೇಕ ಊರುಗಳಲ್ಲಿ ಕಿಟಕಿಗಳಿಗೆ ಕಪ್ಪು ಕಾಗದ ಹಚ್ಚಿದ್ದರು, ಗಾಡಿಗಳ ದೀಪಕ್ಕೆ ಕಪ್ಪು ಬಳಿದಿದ್ದರು. ಅದಾದ ಮೇಲೆ ಹುಟ್ಟಿದವರಿಗೆ ಸೈರನ್ ಎಂದರೆ ಆಂಬುಲೆನ್ಸ್, ಇಲ್ಲವೇ ಗಿರಣಿ, ರೈಲ್ವೆ ವರ್ಕ್‌ಶಾಪ್. ಏರಿ ಇಳಿದು ಏರಿ ಇಳಿದು ಕೂಗಿದರೆ ಅಪಾಯ, ಒಂದೇ ದನಿಯಲ್ಲಿ ಕೂಗಿದರೆ ಅಪಾಯ ಕಳೆಯಿತು. ಇಷ್ಟು ಸಣ್ಣ ಸಂಗತಿ ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಗೊತ್ತಿದೆ?

ಆ ಮೇ ತಿಂಗಳಲ್ಲಿ ಇನ್ನೊಂದು ಕೆಟ್ಟ ರೂಢಿ ಶುರುವಾಗಿತ್ತು. ಸುದ್ದಿ ವಾಹಿನಿಗಳು ಕಾರ್ಯಕ್ರಮದ ನಡುವೆ ಸೈರನ್ ಸದ್ದು ಹಾಕತೊಡಗಿದವು. ಹಾಗೆ ಹಾಕಬೇಡಿ ಎಂದು ಸರ್ಕಾರವೇ ಸೂಚನೆ ಕೊಡಬೇಕಾಯಿತು. ಅದು ಸರಿಯಾದ ಸೂಚನೆ. ಕೊರೊನಾ ಕಾಲದಲ್ಲಿ ಫೋನ್ ಹಚ್ಚಿದರೆ ಮೊದಲು ಕೆಮ್ಮು ಕೇಳುತ್ತಿತ್ತು, ಆಮೇಲೆ ಉಪದೇಶ. ಮೊದಲ ವಾರ ಎಲ್ಲರೂ ಕೇಳಿದರು. ಆಮೇಲೆ ಯಾವಾಗ ಮುಗಿಯುತ್ತದೋ ಎಂದು ಕಾಯತೊಡಗಿದೆವು. ಮೇಲಿಂದ ಮೇಲೆ ಕೇಳಿದ ಎಚ್ಚರಿಕೆಗೆ ಕಿವಿ ಮುಚ್ಚಿಹೋಗುತ್ತದೆ.

ಸೈರನ್ನಿಗೆ ಇನ್ನೊಂದು ಕಷ್ಟವಿದೆ. ಅದು ಕೂಗುತ್ತದೆ, ಆದರೆ ಏನಾಗಿದೆ ಎಂದು ಹೇಳುವುದಿಲ್ಲ. 2023ರ ಆಗಸ್ಟ್ 8ರಂದು ಹವಾಯಿ ದ್ವೀಪಗಳ ಲಹೈನಾ ಎಂಬ ಊರು ಕಾಳ್ಗಿಚ್ಚಿಗೆ ಸುಟ್ಟುಹೋಯಿತು. ನೂರರಷ್ಟು ಜನ ಸತ್ತರು. ಅಲ್ಲಿ ಸೈರನ್‌ಗಳಿದ್ದವು, ಯಾರೂ ಊದಲಿಲ್ಲ. ಯಾಕೆ? ಅಲ್ಲಿಯ ತುರ್ತು ವಿಭಾಗದ ಮುಖ್ಯಸ್ಥರು ಕೊಟ್ಟ ಕಾರಣ ಹೀಗಿತ್ತು: ಸೈರನ್ ಕೇಳಿದರೆ ಸುನಾಮಿ ಬಂತೆಂದು ತಿಳಿದು ಗುಡ್ಡದ ಕಡೆ ಓಡಲು ಜನರಿಗೆ ಕಲಿಸಿದ್ದೇವೆ, ಬೆಂಕಿ ಇದ್ದದ್ದು ಗುಡ್ಡದ ಕಡೆಯೇ. ಕೆಲವು ದಿನದಲ್ಲೇ ಅವರು ರಾಜೀನಾಮೆ ಕೊಟ್ಟರು. ಆ ಕಾರಣವನ್ನು ನಾನು ಒಪ್ಪುವುದಿಲ್ಲ. ಆ ಸೈರನ್ ಸುನಾಮಿಗಷ್ಟೇ ಅಲ್ಲ, ಎಲ್ಲ ಅಪಾಯಕ್ಕೂ ಇಟ್ಟಿದ್ದು. ಆದರೆ ಅವರ ಮಾತಿನಲ್ಲಿ ನಾವು ಕಲಿಯಬೇಕಾದ್ದು ಇದೆ. ಸೈರನ್ ಊದಿದ ಮರುಗಳಿಗೆ ಮಾತಿನಲ್ಲಿ ವಿವರ ಬರಬೇಕು. ಎಲ್ಲಿಂದ ಬರುತ್ತದೆ ಎಂಬುದು ಜನರಿಗೆ ಮೊದಲೇ ಗೊತ್ತಿರಬೇಕು. ಸೈರನ್ ಆಯಿತೋ, ರೇಡಿಯೊ ಹಚ್ಚು. ಇಷ್ಟು ರೂಢಿಯಾದರೂ ಸಾಕು.

ಅದೇ ಹವಾಯಿಯಲ್ಲಿ 2018ರ ಜನವರಿ 13ರ ಬೆಳಿಗ್ಗೆ 8 ಗಂಟೆ 7 ನಿಮಿಷಕ್ಕೆ ಎಲ್ಲರ ಫೋನಿಗೂ ಒಂದು ಎಚ್ಚರಿಕೆ ಬಂದಿತ್ತು. ಕ್ಷಿಪಣಿ ಬರುತ್ತಿದೆ, ಕೂಡಲೇ ಆಸರೆ ಹುಡುಕಿ, ಇದು ಅಣಕು ಅಲ್ಲ. ಮಕ್ಕಳನ್ನು ಒಳಚರಂಡಿಗೆ ಇಳಿಸಿದವರಿದ್ದರು. ಅದು ಸುಳ್ಳು ಎಚ್ಚರಿಕೆ. ಅಭ್ಯಾಸದ ಹೊತ್ತಿನಲ್ಲಿ ನೌಕರರೊಬ್ಬರು ನಿಜವಾದ ಎಚ್ಚರಿಕೆಯನ್ನೇ ಕಳಿಸಿಬಿಟ್ಟಿದ್ದರು. ತಪ್ಪಾಗಿದೆ ಎಂದು ಕಚೇರಿಗೆ ನಿಮಿಷಗಳಲ್ಲೇ ಗೊತ್ತಾಯಿತು. ಆದರೂ ಜನರ ಫೋನಿಗೆ ‘ಅದು ಸುಳ್ಳು’ ಎಂದು ಹೇಳಲು 38 ನಿಮಿಷ ಹಿಡಿಯಿತು. ಯಾಕೆಂದರೆ ಹಾಗೆ ಹೇಳುವ ಸಂದೇಶವನ್ನು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ. 1971ರ ಫೆಬ್ರವರಿ 20ರಂದು ಅಮೆರಿಕದಲ್ಲಿ ರೇಡಿಯೊ ಕೇಂದ್ರಗಳಿಗೆ ತಪ್ಪು ಟೇಪ್ ಹೋಗಿ ಇಂಥದ್ದೇ ಆಗಿತ್ತು. ಅವತ್ತೂ ಸರಿಪಡಿಸಲು ಸುಮಾರು 40 ನಿಮಿಷ. ನಡುವೆ ಅಷ್ಟು ವರ್ಷ ಹೋಗಿವೆ, ತಂತ್ರಜ್ಞಾನ ಪೂರ್ತಿ ಬದಲಾಗಿದೆ, ಹೊತ್ತು ಮಾತ್ರ ಹೆಚ್ಚುಕಡಿಮೆ ಅಷ್ಟೇ! ಅದಕ್ಕೇ ನಮ್ಮ ಜಿಲ್ಲಾ ಯೋಜನೆಯಲ್ಲಿ ಪ್ರತಿ ಎಚ್ಚರಿಕೆಯ ಪಕ್ಕದಲ್ಲೇ ಅದನ್ನು ಹಿಂದಕ್ಕೆ ಪಡೆಯುವ ಮಾತನ್ನೂ ಬರೆದಿಡಬೇಕು. ಯಾರು ಸಹಿ ಮಾಡಬೇಕು ಎಂಬುದನ್ನೂ.

ಇನ್ನು ಗಾಳಿಸುದ್ದಿ. ಸರ್ಕಾರ ಸುಮ್ಮನಿದ್ದರೆ ಆ ಜಾಗಕ್ಕೆ ಬೇರೆ ಯಾರೋ ಬಂದು ಮಾತಾಡುತ್ತಾರೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ರೈಲು ಹತ್ತಿ ಊರಿಗೆ ಹೋದದ್ದು ಮೊಬೈಲಿನಲ್ಲಿ ಹರಿದಾಡಿದ ಹೆದರಿಕೆಯ ಸಂದೇಶಗಳಿಂದ. ಆಗ ಸರ್ಕಾರ ದೇಶದಲ್ಲೆಲ್ಲ ಗುಂಪು ಎಸ್ಸೆಮ್ಮೆಸ್‌ಗೆ ಮಿತಿ ಹಾಕಿತು. ವಿಪತ್ತಿನ ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಗಾಬರಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಎಂದು 2005ರ ಕಾಯ್ದೆಯಲ್ಲೂ ಇದೆ. ಶಿಕ್ಷೆ ಇರಲಿ. ಆದರೆ ‘ಮುಂದಿನ ಸುದ್ದಿ 8 ಗಂಟೆಗೆ’ ಎಂದು ಹೇಳಿ, 8 ಗಂಟೆಗೆ ಸರಿಯಾಗಿ ಬಂದು ಹೇಳಿದರೆ ಗಾಳಿಸುದ್ದಿಗೆ ಅರ್ಧ ಬಲ ಹೋಗುತ್ತದೆ. ಹೊಸದೇನೂ ಇಲ್ಲದಿದ್ದರೆ ಇಲ್ಲ ಎಂದೇ ಹೇಳಲಿ.

ಯಾರ ದನಿ ಎಂಬುದೂ ಮುಖ್ಯ. ಶೀತಲ ಸಮರದ ಕಾಲದಲ್ಲಿ ಬ್ರಿಟನ್ನಿನವರು ಅಣು ದಾಳಿಗೆ ಯೋಜನೆ ಮಾಡಿದ್ದರು. ಕ್ಷಿಪಣಿ ಬರುವುದು ಗೊತ್ತಾದ ಮೇಲೆ ಜನರ ಕೈಯಲ್ಲಿರುವುದು ನಾಲ್ಕೇ ನಿಮಿಷ ಎಂಬ ಲೆಕ್ಕ. ಅದಕ್ಕೆ ದೇಶದ ತುಂಬ ಸುಮಾರು 7000 ಸೈರನ್. ದಾಳಿ ಆದ ಮೇಲೆ ಬಿಬಿಸಿ ರೇಡಿಯೊದಲ್ಲಿ ಏನು ಓದಬೇಕು ಎಂಬುದನ್ನೂ ಬರೆದಿಟ್ಟಿದ್ದರು. ಆ ಬಗ್ಗೆ 1970ರ ದಶಕದಲ್ಲಿ ಅಧಿಕಾರಿಗಳು ಬರೆದುಕೊಂಡ ಪತ್ರಗಳು 2008ರಲ್ಲಿ ಹೊರಬಂದವು. ಅದರಲ್ಲೊಂದು ಚಿಂತೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಪರಿಚಯ ಇಲ್ಲದ ದನಿಯೊಂದು ಗಂಟೆಗೊಮ್ಮೆ ಅದೇ ಮಾತು ಹೇಳುತ್ತಿದ್ದರೆ, ಇದು ಯಂತ್ರ ಹೇಳುತ್ತಿದೆ, ಬಿಬಿಸಿಯೇ ನಾಶವಾಗಿದೆ ಎಂದು ಜನ ತಿಳಿಯಬಹುದು. ಹಾಗಾಗಿ ಜನಕ್ಕೆ ಗುರುತಿರುವ ದನಿ ಬೇಕು ಎಂಬ ಮಾತು ಅಲ್ಲಿ ಬಂದಿತ್ತು.

ನಮಗೆ ಅಂಥ ದನಿ ಇದೆ. ಧಾರವಾಡ ಆಕಾಶವಾಣಿ 1950ರಿಂದ ಈ ಭಾಗದ ಮನೆಗಳಲ್ಲಿ ಮಾತಾಡುತ್ತಿದೆ. ಬಿತ್ತನೆ ಹೇಳಿದ್ದು ಅದೇ, ಪೇಟೆ ಧಾರಣೆ ಹೇಳಿದ್ದು ಅದೇ. ಸೆಲ್ಲು ಹಾಕಿದ ರೇಡಿಯೊಕ್ಕೆ ಕರೆಂಟು ಬೇಡ, ಊರಿನ ಟವರೂ ಬೇಡ. ಒಂದು ಪಂಚಾಯಿತಿ ಕಚೇರಿಯಲ್ಲಿ ಒಂದು ರೇಡಿಯೊ, ಎರಡು ಜೊತೆ ಸೆಲ್ಲು ಇಡಲು ದೊಡ್ಡ ಖರ್ಚಿಲ್ಲ. ಹಳೆಯದೆಂದು ರೇಡಿಯೊವನ್ನು ಯೋಜನೆಯಿಂದ ಹೊರಗಿಡುವುದು ನನ್ನ ಪ್ರಕಾರ ದೊಡ್ಡ ತಪ್ಪು.

ಈಗ ನಮ್ಮ ಹೊಳೆ ಹಳ್ಳಗಳ ಮಾತು. ಇದಕ್ಕೇ ಇಷ್ಟು ಹೊತ್ತು ಕಾಯಿಸಿದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಉತ್ತರ ಕರ್ನಾಟಕದ ಆ ನೆರೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಬಂದಳು. ಕೊಣ್ಣೂರು, ಲಖಮಾಪುರ, ಹೊಳೆಆಲೂರು ಈ ಹೆಸರುಗಳನ್ನು ಟಿವಿಯಲ್ಲಿ ನೋಡಿದಿರಿ. ಹಾವೇರಿ ಕಡೆ ವರದಾ ಉಕ್ಕಿದ್ದಳು. ಈ ಮಲಪ್ರಭೆಯ ವಿಷಯದಲ್ಲಿ ಒಂದು ತೊಡಕಿದೆ. ಅಣೆಕಟ್ಟು ಇರುವುದು ಸವದತ್ತಿ ಹತ್ತಿರ, ಬೆಳಗಾವಿ ಜಿಲ್ಲೆಯಲ್ಲಿ. ನೀರು ನುಗ್ಗುವುದು ಗದಗ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ. ಯೋಜನೆ ಇರುವುದು ಜಿಲ್ಲೆಗೊಂದು. ಹೊಳೆಗೆ ಜಿಲ್ಲೆಯ ಗಡಿ ಗೊತ್ತಿಲ್ಲವಲ್ಲ. ಗೇಟು ಎತ್ತುವ ಎಂಜಿನಿಯರು ಕೊಣ್ಣೂರಿನ ಪಂಚಾಯಿತಿಗೆ ನೇರವಾಗಿ ಫೋನ್ ಮಾಡುವಂತಿರಬೇಕು. ಎರಡು ಜಿಲ್ಲಾಧಿಕಾರಿ ಕಚೇರಿ ದಾಟಿ, ತಹಶೀಲ್ದಾರ್ ದಾಟಿ, ತಲಾಟಿ ದಾಟಿ ಬರುವ ಹೊತ್ತಿಗೆ ಕತ್ತಲಾಗುತ್ತದೆ. ಕಚೇರಿಗಳಿಗೆ ಸುದ್ದಿ ಹೋಗಲಿ, ಜೊತೆಯಲ್ಲೇ ಹೋಗಲಿ. ಆದರೆ ಮೊದಲ ಫೋನ್ ಊರಿಗೆ.

ಬೆಣ್ಣಿಹಳ್ಳದ ಕಥೆ ಇನ್ನೂ ಬೇರೆ. ಅಲ್ಲಿ ಅಣೆಕಟ್ಟಿಲ್ಲ, ಗೇಟಿಲ್ಲ, ಎಂಜಿನಿಯರೂ ಇಲ್ಲ. ಮೇಲೆ ಶಿಗ್ಗಾವಿ, ಕುಂದಗೋಳ, ಹುಬ್ಬಳ್ಳಿ ಕಡೆ ಮಳೆ ಹೊಡೆದರೆ ನವಲಗುಂದದ ಕಡೆ ಬಿಸಿಲಿದ್ದರೂ ಹಳ್ಳ ಬರುತ್ತದೆ. ಎರೆ ಹೊಲ, ನೀರು ಬೇಗ ಇಂಗುವುದಿಲ್ಲ, ಎಲ್ಲ ಹಳ್ಳಕ್ಕೇ ಹರಿಯುತ್ತದೆ. ಬೆಳಿಗ್ಗೆ ಹಳ್ಳ ದಾಟಿ ಹೊಲಕ್ಕೆ ಹೋದವರು ಸಂಜೆ ಆಚೆ ದಂಡೆಯಲ್ಲೇ ಉಳಿಯುತ್ತಾರೆ. ದಾಟಲು ಹೋಗಿ ಕೊಚ್ಚಿಹೋದವರಿದ್ದಾರೆ. ಯಮನೂರು ಜಾತ್ರೆಯಲ್ಲಿ ಇದೇ ಹಳ್ಳದಲ್ಲಿ ಸಾವಿರಾರು ಜನ ಸ್ನಾನ ಮಾಡುತ್ತಾರೆ.

ಈಗ ನೋಡಿ, ನಮ್ಮ ರಾಜ್ಯದಲ್ಲಿ ಒಂದು ಒಳ್ಳೆಯ ಸಂಸ್ಥೆ ಇದೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಶುರುವಾಗಿದ್ದು. ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅವರ ಮಳೆ ಮಾಪಕಗಳಿವೆ. ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ಅಂದರೆ ಕುಂದಗೋಳದಲ್ಲಿ ಮಳೆ ಹೊಡೆದದ್ದು ಯಲಹಂಕದಲ್ಲಿ ಕುಳಿತವರಿಗೆ ಹದಿನೈದು ನಿಮಿಷದಲ್ಲಿ ಗೊತ್ತು. ಯಮನೂರಿನ ಹಳ್ಳದ ದಂಡೆಯಲ್ಲಿ ಎತ್ತು ಹೂಡಿಕೊಂಡು ನಿಂತವನಿಗೂ ಅದು ಗೊತ್ತಾಗಬೇಕು. ಅದಕ್ಕೆ ಬೆಂಗಳೂರಿನ ತನಕ ಸುತ್ತು ಹಾಕಬೇಕಿಲ್ಲ. ಮೇಲಿನ ಊರಿನ ಪಂಚಾಯಿತಿಯವರು ಕೆಳಗಿನ ಊರಿಗೆ ಒಂದು ಫೋನ್ ಮಾಡಿದರೆ ಆಯಿತು. ‘ನಮ್ಮಲ್ಲಿ ಜೋರು ಮಳೆ, ಹಳ್ಳ ಬರತೈತಿ.’ ಇದನ್ನು ಯೋಜನೆಯಲ್ಲಿ ಬರೆಯಿರಿ. ಯಾರು ಯಾರಿಗೆ ಮಾಡಬೇಕು, ಅವರು ಎತ್ತದಿದ್ದರೆ ಇನ್ಯಾರಿಗೆ.

ನನ್ನ ಅಭಿಪ್ರಾಯ ಇಷ್ಟೇ. ಕೈಯಲ್ಲಿ ಎಷ್ಟು ಹೊತ್ತಿದೆ ಎಂಬುದನ್ನು ನೋಡಿ ಕೂಗುವ ಅಧಿಕಾರ ಹಂಚಬೇಕು. ಚಂಡಮಾರುತಕ್ಕೆ ದಿನಗಟ್ಟಲೆ ಸಮಯ ಸಿಗುತ್ತದೆ, ದೆಹಲಿ, ಬೆಂಗಳೂರು ಎಲ್ಲ ಕೂತು ಮಾತಾಡಲಿ. ಡ್ಯಾಮಿನ ನೀರಿಗೆ ಗಂಟೆಗಳು ಸಿಗುತ್ತವೆ, ಜಿಲ್ಲೆ ಸಾಕು. ಹಳ್ಳಕ್ಕೆ, ಸಿಡಿಲಿಗೆ ನಿಮಿಷಗಳಷ್ಟೇ. ಅಲ್ಲಿ ಯಾರ ಅಪ್ಪಣೆಗೂ ಕಾಯದೆ ಊರಿನವರೇ ಮೈಕ್ ಹಿಡಿಯುವಂತಿರಬೇಕು. ಯುದ್ಧದ ಎಚ್ಚರಿಕೆ ಮಾತ್ರ ಕೇಂದ್ರದಿಂದಲೇ ಬರಬೇಕು. ಅದು ಬಂದ ಮೇಲೆ ಮನೆಮನೆಗೆ ಮುಟ್ಟಿಸುವವರು ಮತ್ತೆ ಇದೇ ಊರಿನವರೇ. ಹಳ್ಳಕ್ಕಾಗಿ ಕಟ್ಟಿದ ಏರ್ಪಾಟು ಯುದ್ಧಕ್ಕೂ ಬರುತ್ತದೆ. ಹಳ್ಳಕ್ಕೇ ಇಲ್ಲದ್ದು ಯುದ್ಧದ ದಿನ ಒಮ್ಮೆಲೇ ಹುಟ್ಟುವುದಿಲ್ಲ.

ಆಗುತ್ತದಾ ಇದೆಲ್ಲ ಎಂದು ಕೇಳುವವರಿಗೆ ಎರಡು ಉದಾಹರಣೆ. 1970ರ ನವೆಂಬರ್‌ನಲ್ಲಿ ಇವತ್ತಿನ ಬಾಂಗ್ಲಾದೇಶದ ಕರಾವಳಿಗೆ ಬಡಿದ ಚಂಡಮಾರುತಕ್ಕೆ ಕನಿಷ್ಠ ಮೂರು ಲಕ್ಷ ಜನ ಬಲಿಯಾದರು. 1972ರಲ್ಲಿ ಅವರು ಊರೂರಿಗೆ ಸ್ವಯಂಸೇವಕರ ಪಡೆ ಕಟ್ಟಿದರು. ಅವರ ಬಳಿ ಇರುವುದು ಮೆಗಾಫೋನು, ಕೈಯಲ್ಲಿ ತಿರುಗಿಸುವ ಸೈರನ್, ಬಾವುಟ. ಅಪಾಯ ಹೆಚ್ಚಿದಂತೆ ಒಂದು, ಎರಡು, ಮೂರು ಬಾವುಟ. ಓದು ಬಾರದವರಿಗೂ ತಿಳಿಯುತ್ತದೆ. ಇವತ್ತು ಆ ಪಡೆಯಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದಾರೆ, ಸುಮಾರು ಅರ್ಧದಷ್ಟು ಹೆಂಗಸರು. ಹೆಂಗಸರು ಯಾಕೆಂದರೆ, ಮನೆಯೊಳಗಿನ ಹೆಂಗಸರಿಗೆ ‘ಈಗ ಹೊರಡು’ ಎಂದು ಹೇಳಲು ಹೆಂಗಸರೇ ಬೇಕು.

ಇನ್ನೊಂದು ನಮ್ಮದೇ ಒಡಿಶಾ. 1999ರ ಸೂಪರ್ ಸೈಕ್ಲೋನ್‌ಗೆ ಹತ್ತು ಸಾವಿರದ ಹತ್ತಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸಾಗಿಸಿದರು, ಸತ್ತವರು ಐವತ್ತಕ್ಕಿಂತ ಕಡಿಮೆ. ನಡುವಿನ ವರ್ಷಗಳಲ್ಲಿ ಆಸರೆ ಕಟ್ಟಡ ಕಟ್ಟಿದರು, ಊರಿನವರಿಗೆ ತರಬೇತಿ ಕೊಟ್ಟರು. ಆಮೇಲೆ ಕರಾವಳಿಯಲ್ಲಿ 122 ಸೈರನ್ ಗೋಪುರಗಳನ್ನೂ ನಿಲ್ಲಿಸಿದರು. ಅವರು ನಮಗಿಂತ ಶ್ರೀಮಂತ ರಾಜ್ಯವಲ್ಲ.

ಪ್ರಶ್ನೆಗಳಿಗೆ ಬರುತ್ತೇನೆ. ರೋಣದ ಕಡೆಯ ಹಿರಿಯರೊಬ್ಬರು ಕೇಳಿದರು: “ಹೊಲಕ್ಕ ಹೋಗೂ ಮುಂದ ಫೋನ್ ಮನ್ಯಾಗ ಚಾರ್ಜಿಗೆ ಹಾಕಿ ಹೋಗ್ತೀವ್ರಿ. ಸಿಡಿಲು ಬಡಿಯೂ ಮುಂದ ಯಾರು ಹೇಳಬೇಕು?” ಯಜಮಾನರೇ, ನಮ್ಮ ದೇಶದಲ್ಲಿ ಪ್ರತಿ ವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಬಹಳ ಜನ ಹೊಲದಲ್ಲಿ, ಮರದ ಕೆಳಗೆ. ‘ದಾಮಿನಿ’ ಎಂಬ ಆ್ಯಪ್ ಇದೆ, ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯದು, ಸುತ್ತಮುತ್ತ ಸಿಡಿಲಿದ್ದರೆ ಹೇಳುತ್ತದೆ. ಅದನ್ನು ನೋಡುವ ಕೆಲಸ ಊರಲ್ಲಿ ಇಬ್ಬರಿಗೆ ವಹಿಸಿ. ಅವರು ಗುಡಿಯ ಮೈಕಿನಲ್ಲೋ ಮಸೀದಿಯ ಮೈಕಿನಲ್ಲೋ ಕೂಗಲಿ. ಅದೂ ಕೇಳದಷ್ಟು ದೂರ ಇದ್ದರೆ ಗುಡುಗೇ ಎಚ್ಚರಿಕೆ. ಗುಡುಗು ಕೇಳಿಸಿತು ಎಂದರೆ ಸಿಡಿಲು ನಿಮಗೂ ಬಡಿಯುವಷ್ಟು ಹತ್ತಿರ ಇದೆ. ಮರದ ಕೆಳಗೆ ನಿಲ್ಲಬೇಡಿ, ಮನೆಯೊಳಗೆ ಸೇರಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಹೊರಗೆ ಬರಬೇಡಿ.

ಪಂಚಾಯಿತಿ ಸದಸ್ಯರೊಬ್ಬರು ಕೇಳಿದ್ದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. “ಎಚ್ಚರಿಕೆ ಕೊಟ್ಟು ಜನರನ್ನ ಎಬ್ಬಿಸಿದ ಮ್ಯಾಲ ನೀರು ಬರದಿದ್ರ ನಮ್ಮನ್ನ ಬೈತಾರ್ರಿ. ಮುಂದಿನ ಸಲ ಯಾರೂ ಕೇಳಂಗಿಲ್ಲ.” ಬೈಯುತ್ತಾರೆ, ನಿಜ. ಅದಕ್ಕೆ ಉಪಾಯ ಒಂದೇ, ಮರುದಿನ ಬೆಳಿಗ್ಗೆ ಅದೇ ಮೈಕಿನಲ್ಲಿ ಕಾರಣ ಹೇಳುವುದು. ಮೇಲೆ ಇಷ್ಟು ಮಳೆಯಾಗಿತ್ತು, ಆಮೇಲೆ ನಿಂತಿತು, ಹಾಗಾಗಿ ನೀರು ಬರಲಿಲ್ಲ. ಕಾರಣ ಗೊತ್ತಾದ ಜನ ಮುಂದಿನ ಸಲವೂ ಬರುತ್ತಾರೆ. ಕಾರಣ ಹೇಳದೆ ಮನೆಗೆ ಕಳಿಸಿದರೆ ಬರುವುದಿಲ್ಲ. ಮೇಲಿನ ಅಧಿಕಾರಿಗಳೂ ಒಂದು ಮಾತು ಬರೆದು ಕೊಡಬೇಕು, ಒಳ್ಳೆಯ ಮನಸ್ಸಿನಿಂದ ಎಚ್ಚರಿಕೆ ಕೊಟ್ಟ ಊರಿನವರ ಮೇಲೆ ಕ್ರಮ ಇಲ್ಲ ಎಂದು. ಅದಿಲ್ಲದೆ ಯಾವ ತಲಾಟಿ, ಯಾವ ಪಿಡಿಒ ರಾತ್ರಿ ಎರಡು ಗಂಟೆಗೆ ಮೈಕ್ ಹಿಡಿಯುತ್ತಾರೆ?

ಕೆಲಸದ ಮಾತು ಹೇಳಿಬಿಡುತ್ತೇನೆ. ಮಳೆಗಾಲದ ಮುಂಚಿನ ಗ್ರಾಮಸಭೆಯಲ್ಲಿ ಒಂದು ಹಾಳೆ ಬರೆಯಿರಿ. ಓಣಿಗೊಬ್ಬರು, ಸಾಧ್ಯವಾದರೆ ಒಬ್ಬ ಗಂಡಸು, ಒಬ್ಬ ಹೆಂಗಸು. ಅವರು ಬಾಗಿಲು ಬಡಿಯಬೇಕಾದ ಮನೆಗಳು. ಅದರಲ್ಲಿ ಕಿವಿ ಕೇಳದವರು, ನಡೆಯಲಾಗದವರು, ಬಾಣಂತಿಯರು ಇರುವ ಮನೆಗೆ ಗುರುತು. ತಾಂಡಾ ಊರಿನಿಂದ ದೂರ ಇದ್ದರೆ ಬೈಕ್ ಯಾರದು. ಇಟ್ಟಿಗೆ ಭಟ್ಟಿಯಲ್ಲಿ, ಕಾರ್ಖಾನೆಯಲ್ಲಿ ಬೇರೆ ರಾಜ್ಯದ ಕೂಲಿಯವರಿದ್ದರೆ ಅವರಿಗೆ ಹಿಂದಿಯಲ್ಲಿ ಯಾರು ಹೇಳುತ್ತಾರೆ. ಕಸದ ಗಾಡಿಯ ಮೈಕ್ ರಾತ್ರಿ ಎಲ್ಲಿರುತ್ತದೆ, ಕೀಲಿ ಯಾರ ಹತ್ತಿರ. ಊರಿಗೆ ಸುದ್ದಿ ಸಾರುವ ವಾಲಿಕಾರನಿಗೆ ರಾತ್ರಿ ಓಡಾಡಿದ್ದಕ್ಕೆ ಕೂಲಿ ಯಾವ ಲೆಕ್ಕದಿಂದ. ಇದನ್ನು ಬರೆಯದೆ ಬಿಡಬೇಡಿ, ಅವನದೂ ಹೊಟ್ಟೆಯೇ. ಜಿಲ್ಲೆಯ ಕಂಟ್ರೋಲ್ ರೂಮಿನ 1077 ನಂಬರನ್ನು ಮೇಲೆಯೇ ದಪ್ಪಗೆ ಬರೆಯಿರಿ. ಒಂದು ಪ್ರತಿ ಪಂಚಾಯಿತಿ ಗೋಡೆಗೆ, ಒಂದು ತಹಶೀಲ್ದಾರರಿಗೆ, ಒಂದು ಹಳ್ಳದ ಮೇಲಿನ ಊರಿಗೆ, ಒಂದು ಕೆಳಗಿನ ಊರಿಗೆ.

ಬರೆದಾದ ಮೇಲೆ ಒಂದು ಸಂಜೆ ಹೇಳದೆ ಕೇಳದೆ ಮೈಕಿನಲ್ಲಿ ಕೂಗಿ ನೋಡಿ. ‘ಇದು ಅಭ್ಯಾಸ, ಎಲ್ಲರೂ ಶಾಲೆಗೆ ಬನ್ನಿ.’ ಕೊನೆಯವರು ಬರಲು ಎಷ್ಟು ಹೊತ್ತಾಯಿತು ಎಂದು ಬರೆದಿಟ್ಟು ಜಿಲ್ಲಾಧಿಕಾರಿ ಕಚೇರಿಗೆ ಕಳಿಸಿ. ಡ್ಯಾಮಿನಿಂದ ಎಷ್ಟು ಮುಂಚೆ ಸುದ್ದಿ ಬರಬೇಕು ಎಂದು ಕೇಳಲು ನಿಮ್ಮ ಕೈಯಲ್ಲಿ ಆಗ ಲೆಕ್ಕ ಇರುತ್ತದೆ. ನರಗುಂದ, ರೋಣದ ಹೊಳೆದಂಡೆಯ ಯಾವ ಊರಿನವರು ಈ ಹಾಳೆ ಬರೆಯಲು ಕರೆದರೂ ನಾನು ಬರುತ್ತೇನೆ. ಕೂತು ಬರೆಯೋಣ.